ಎಡಗಡೆ ಎರಡನೇ ಡಬ್ಬಿ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ತಂತಿಯಕ್ಕ ಎನ್ನುತ್ತಿದ್ದರು. ಆರು ಮಹಡಿಯ ಕಟ್ಟಡದಲ್ಲಿ ಯಾವ ಗೋಡೆಯೊಳಗೆ ಯಾವ ಕೇಬಲ್ ಹಾದುಹೋಗಿದೆ ಎಂದು ಇಪ್ಪತ್ತೆರಡು ವರ್ಷದಿಂದ ಎಲ್ಲರೂ ಕೇಳುತ್ತಿದ್ದುದು ಅವಳನ್ನೇ. "ಇವಳ ತಲೆ ಬಗೆದು ನೋಡಿದ್ರೆ ಮೆದುಳು ಸಿಗಲ್ಲ, ಬರೀ ವೈರೇ ಸಿಗೋದು" ಎಂದು ಹಿರಿಯ ನರ್ಸ್ ತಮಾಷೆ ಮಾಡುತ್ತಿದ್ದಳು. ಹೋದ ಚಳಿಗಾಲದವರೆಗೂ ಆ ಮಾತಿಗೆ ತಂತಿಯಕ್ಕನೂ ನಗುತ್ತಿದ್ದಳು.

ಆ ಚಳಿಗಾಲದ ಒಂದು ಬೆಳಿಗ್ಗೆ ಅವಳು ಎರಡನೆಯ ಮಹಡಿಯ ಕೇಬಲ್ ಕೋಣೆಯ ಬಾಗಿಲು ತೆರೆದಳು. ತಾನೇ ಎಳೆದು, ತಾನೇ ಕಟ್ಟಿದ ನೀಲಿ ಕೇಬಲ್ಲುಗಳು. ಒಂದೂ ಗುರುತು ಹತ್ತಲಿಲ್ಲ. ಬಾಗಿಲು ಹಾಕಿಕೊಂಡು ಬಂದು ಕುಳಿತಳು. ಗಂಟೆ ಕಳೆದ ಮೇಲೆ ಎಲ್ಲ ನೆನಪಾಯಿತು. ಮುಂದಿನ ವಾರ ಹಾಗೇ ಆದಾಗ ನೆನಪಾಗಲಿಲ್ಲ.

ಅವಳಿಗೆ ಐವತ್ತೈದು. ನಿವೃತ್ತಿಗೆ ಮೂರು ವರ್ಷ ಬಾಕಿ. ವಿಷಯ ಗೊತ್ತಾದರೆ ಅವಳನ್ನು ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಏನು ಕಾದಿದೆ ಎಂಬುದು ಮಾತ್ರ ಅವಳಿಗೆ ಎಂದೂ ಮರೆಯುವಂತಿರಲಿಲ್ಲ. ಅವಳು ಕುರ್ಚಿಯ ಮೇಲೆ ಕೂರುತ್ತಿದ್ದ ಜಾಗ ಪ್ರಪಂಚದಲ್ಲಿ ಆಸ್ಪತ್ರೆಯೊಂದೇ.

ಆದ್ದರಿಂದ ಹೊಸ ಸ್ವಿಚ್ಚುಗಳು ಬಂದಾಗ ಅವುಗಳ ಕೆಲಸವನ್ನು ತಾನೇ ಕೇಳಿ ವಹಿಸಿಕೊಂಡಳು. ಇವು ದೀಪದ ಸ್ವಿಚ್ಚುಗಳಲ್ಲ. ಒಂದು ಮಹಡಿಯ ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಚಪ್ಪಟೆ ಪೆಟ್ಟಿಗೆಗಳು. ಒಳಗೆ ಲಿನಕ್ಸ್ ಎಂಬ ತಂತ್ರಾಂಶ ಓಡುತ್ತದೆ. ಅದರಲ್ಲಿ ಎಲ್‌ಎಲ್‌ಡಿಪಿ ಎಂಬ ಏರ್ಪಾಡನ್ನು ಚಾಲೂ ಮಾಡಿದರೆ ಪ್ರತಿ ಪೆಟ್ಟಿಗೆಯೂ ಅರ್ಧ ನಿಮಿಷಕ್ಕೊಮ್ಮೆ ಪಕ್ಕದ ಪೆಟ್ಟಿಗೆಗೆ ತನ್ನ ಹೆಸರು, ತಾನಿರುವ ಕೋಣೆ, ಕೇಬಲ್ ಸಿಕ್ಕಿಸುವ ಯಾವ ಕಿಂಡಿಯಿಂದ ಮಾತಾಡುತ್ತಿದ್ದೇನೆ ಎಂಬುದನ್ನು ಹೇಳುತ್ತಲೇ ಇರುತ್ತದೆ. ಎರಡು ನಿಮಿಷ ಸುಮ್ಮನಾದರೆ ಪಕ್ಕದ್ದು ಅದರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ. ಸ್ಕ್ಯಾನ್ ಯಂತ್ರ, ಪ್ರಯೋಗಾಲಯದ ಯಂತ್ರಗಳಂಥ ಮೂಗ ಸಾಮಾನುಗಳು ತಮ್ಮ ಹೆಸರು ಹೇಳುವುದಿಲ್ಲ. ಅವು ಸೇರುವ ಕಿಂಡಿಗೆ ನಾವೇ ವಿವರ ಬರೆಯಬೇಕು.

"ಸುಮ್ನೆ ಯಾಕೆ ತಲೆನೋವು ತಗೋತೀರಕ್ಕ?" ಎಂದ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮೇಲ್ವಿಚಾರಕ. "ನಿಮ್ಮ ತಲೇಲೇ ಎಲ್ಲಾ ಇದೆಯಲ್ಲ."

"ತಲೆ ಬಿದ್ದುಹೋದ್ರೆ?" ಎಂದಳು. ಅವನು ನಕ್ಕ.

ಒಂದೊಂದೇ ಕೇಬಲ್ಲನ್ನು ಕೈಯಿಂದ ಹಿಡಿದು, ಅದು ಹೋಗಿ ಮುಟ್ಟುವ ತನಕ ಹಿಂಬಾಲಿಸಿ ವಿವರ ತುಂಬುತ್ತ ಬಂದಳು. ಮರೆತಾಗ ಪೆಟ್ಟಿಗೆಯನ್ನು ಕೇಳಿದರಾಯಿತು. ಯಾರಿಗೂ ಅನುಮಾನ ಬರಲಿಲ್ಲ.

ಮನೆಯಲ್ಲಿ ಹೀಗೆ ಕೇಳಿ ತಿಳಿಯಲು ಏನೂ ಇರಲಿಲ್ಲ. ಅಲ್ಲಿ ಎಲ್ಲರೂ ಅವಳನ್ನೇ ಕೇಳುವವರು. ಬೆಳಿಗ್ಗೆ ಐದಕ್ಕೆದ್ದು, ಸೊಂಟ ಮುರಿದು ಮಂಚ ಹಿಡಿದಿದ್ದ ಅತ್ತೆಯನ್ನು ಮಗ್ಗುಲು ತಿರುಗಿಸಿ, ಮೈ ಒರೆಸಿ, ಹಾಸಿಗೆ ಬದಲಿಸಿ ಒಲೆ ಹಚ್ಚುವ ಹೊತ್ತಿಗೆ ಗಂಡನ ದನಿ ಕೇಳುತ್ತಿತ್ತು: "ಲೇ, ನನ್ನ ಟವೆಲ್ ಎಲ್ಲಿ?" ಅವನು ನಿವೃತ್ತನಾಗಿ ವರ್ಷವಾಗಿತ್ತು, ದಿನವಿಡೀ ಮನೆಯಲ್ಲೇ ಇದ್ದ. ಟವೆಲ್ಲು ಮಾತ್ರ ಇನ್ನೂ ಅವಳ ಇಲಾಖೆ.

ಒಂದು ದಿನ ಅವಳು ಅತ್ತೆಯ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದಳು. ಚಮಚಕ್ಕೆ ಅಂಟಿದ್ದ ಉಪ್ಪಿನ ಹರಳು ಕಂಡು ಅವಳಿಗೆ ತಿಳಿಯುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಮುದುಕಿ ತುಟಿ ಒರೆಸಿಕೊಂಡು ಗೋಡೆಯತ್ತ ತಿರುಗಿದಳು.

ಮಾರನೆಯ ದಿನದಿಂದ, ಸೊಸೆ ಅಡಿಗೆಮನೆಗೆ ಕಾಲಿಟ್ಟರೆ ಸಾಕು, ಮಂಚದಿಂದ ಕೂಗು ಶುರುವಾಯಿತು: "ಎಡಗಡೆ ಎರಡನೇ ಡಬ್ಬಿ ಉಪ್ಪು! ಅದರ ಪಕ್ಕದ್ದು ಸಕ್ಕರೆ! ಒಲೆ ಆರಿಸಿದ್ಯೇನೆ?"

"ಅಮ್ಮಾ, ಮೂವತ್ತು ವರ್ಷದಿಂದ ಅಡಿಗೆ ಮಾಡ್ತಿದ್ದಾಳೆ. ಅವಳಿಗೆ ಗೊತ್ತಿಲ್ವಾ?" ಎಂದ ಗಂಡ.

"ನನ್ನ ಬಾಯಿ, ನನ್ನಿಷ್ಟ. ನೀನು ಪೇಪರ್ ಓದು."

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದಲೇ ಮರುಗುತ್ತಿದ್ದಳು: "ಪಾಪ, ಎಂಥಾ ಬಾಯಿಬಡುಕಿ ಅತ್ತೆ!" ಹೊಸದಾಗಿ ಮದುವೆಯಾಗಿ ಬಂದಾಗ ಇದೇ ಬಾಯಿ ಅವಳನ್ನು ಅಳಿಸಿದ್ದುಂಟು. ಈಗ ಆ ಕೂಗು ಒಂದು ಗಳಿಗೆ ನಿಂತರೆ ಅವಳ ಕೈ ಡಬ್ಬಿಗಳ ಮುಂದೆ ತಡವರಿಸುತ್ತಿತ್ತು.

ಉಳಿದಿದ್ದುದು ಮೂರನೆಯ ಮಹಡಿ. ಅಲ್ಲಿನ ಪೆಟ್ಟಿಗೆಯಲ್ಲಿ ಏರ್ಪಾಡನ್ನು ಚಾಲೂ ಮಾಡಿ, ನಲವತ್ತೆಂಟು ಕಿಂಡಿಗಳಿಗೂ ವಿವರ ಕೊಟ್ಟಳು. ಹೀಗೆ ಬಾಯಲ್ಲಿ ಹೇಳಿದಂತೆ ಕೊಟ್ಟ ಆಜ್ಞೆಗಳು ಪೆಟ್ಟಿಗೆ ಆರಿ ಹೊತ್ತುವವರೆಗೆ ಮಾತ್ರ. ಅವುಗಳನ್ನು ಪೆಟ್ಟಿಗೆಯೊಳಗಿನ ಕಡತದಲ್ಲಿ ಬರೆದಿಡಬೇಕು. ಆರಿ ಹೊತ್ತಿದಾಗ ನೀನೇ ಚಾಲೂ ಆಗು ಎಂದು ಇನ್ನೊಂದು ಆಜ್ಞೆಯನ್ನೂ ಕೊಡಬೇಕು. ಅಷ್ಟರಲ್ಲಿ ಫೋನು ಬಂತು.

"ಅಮ್ಮನ ಮಾತ್ರೆ ಎಲ್ಲಿಟ್ಟಿದ್ದೀಯ?"

"ಮೇಜಿನ ಮೇಲೆ ನೋಡ್ರೀ."

"ಮೇಜಿನ ಮೇಲೆ ಅಂದ್ರೆ ಎಲ್ಲಿ?"

"ನಿಮ್ಮ ಲೋಟದ ಪಕ್ಕ."

"ಓ, ಇಲ್ಲೇ ಇದೆ."

ಫೋನಿಟ್ಟು ಪರದೆ ನೋಡಿದಳು. ನೆರೆಯ ಹೆಸರುಗಳೆಲ್ಲ ಸಾಲಾಗಿ ಮೂಡಿದ್ದವು. ಕೆಲಸ ಮುಗಿದಂತೆಯೇ ಕಂಡಿತು. ಬೀಗ ಹಾಕಿಕೊಂಡು ಹೊರಟಳು.

ಎಂಟು ದಿನದ ನಂತರ ಜನರೇಟರ್ ಪರೀಕ್ಷೆಗೆಂದು ಮೂರನೆಯ ಮಹಡಿಯ ವಿದ್ಯುತ್ತು ಹತ್ತು ನಿಮಿಷ ತೆಗೆದರು. ಪೆಟ್ಟಿಗೆ ಆರಿ, ಮತ್ತೆ ಹೊತ್ತಿ, ತನ್ನ ಕೆಲಸವನ್ನು ತಾನು ಮಾಡುತ್ತಲೇ ಇತ್ತು. ಆದರೆ ಹೆಸರು ಹೇಳುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಇದು ಯಾರ ಗಮನಕ್ಕೂ ಬರಲಿಲ್ಲ. ಮಧ್ಯಾಹ್ನ ಮೇಲ್ವಿಚಾರಕ ಅವಳನ್ನು ಕರೆದುಕೊಂಡು ಅಲ್ಲಿಗೆ ಹೋದ. ಪ್ರಯೋಗಾಲಯದ ಯಂತ್ರದ ಕೇಬಲ್ಲನ್ನು ಬೇರೆ ಪೆಟ್ಟಿಗೆಗೆ ಬದಲಿಸಬೇಕಿತ್ತು. ಅವಳು ಪಟ್ಟಿ ಕೇಳಿದಳು. ಪರದೆ ಖಾಲಿ. ಏರ್ಪಾಡನ್ನು ಮತ್ತೆ ಚಾಲೂ ಮಾಡಿದಳು. ಅರ್ಧ ನಿಮಿಷದಲ್ಲಿ ನೆರೆಯ ಪೆಟ್ಟಿಗೆಗಳ ಹೆಸರುಗಳು ಬಂದವು. ಅವಳು ತುಂಬಿದ್ದ ವಿವರ ಒಂದೂ ಬರಲಿಲ್ಲ.

"ಬಿಡಿ ಅಕ್ಕ, ಅದ್ಯಾಕೆ? ನಿಮಗೆ ಗೊತ್ತಲ್ಲ. ಯಾವುದು ಹೇಳಿ."

ನಲವತ್ತೆಂಟು ನೀಲಿ ಕೇಬಲ್ಲುಗಳು. ಗೊತ್ತಿಲ್ಲ ಎಂದಿದ್ದರೆ ಅವನು ಹುಡುಕಲು ಬೇರೆ ದಾರಿ ಹಿಡಿಯುತ್ತಿದ್ದನೇನೋ. ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ.

"ಹದಿನೇಳು."

ಅವನು ಹದಿನೇಳನ್ನು ಕಿತ್ತ. ಎರಡು ನಿಮಿಷದಲ್ಲಿ ಹಿರಿಯ ನರ್ಸ್ ಓಡಿ ಬಂದಳು. "ಯಾರ್ರೀ ಅದು? ವಾರ್ಡಿನ ಕರೆಗಂಟೆ ಪರದೆ ಸತ್ತುಹೋಗಿದೆ! ರೋಗಿಗಳು ಗುಂಡಿ ಒತ್ತಿ ಒತ್ತಿ ಸುಸ್ತಾಗಿದ್ದಾರೆ!"

ಕೇಬಲ್ ವಾಪಸು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ನರ್ಸ್ ಹೋದ ಮೇಲೆ ಮೇಲ್ವಿಚಾರಕ ಬಾಗಿಲು ಮುಂದೆ ಮಾಡಿದ.

"ಗೊತ್ತಿಲ್ದೆ ಹದಿನೇಳು ಅಂದ್ರಾ?"

ಅವಳು ತಲೆಯಾಡಿಸಿದಳು.

"ಎಷ್ಟು ದಿನದಿಂದ ಅಕ್ಕ?"

"ಚಳಿಗಾಲದಿಂದ."

ಅವನು ಕೆಟ್ಟವನಲ್ಲ. ಆದರೆ ವರದಿ ಬರೆಯುವುದು ಅವನ ಕೆಲಸ. ವೈದ್ಯರು ಪರೀಕ್ಷಿಸಿದರು, ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ ಎಂದಾಯಿತು. ಅದಕ್ಕೂ ಮುಂಚೆ ಎಲ್ಲ ಪೆಟ್ಟಿಗೆಗಳ ವಿವರವನ್ನೂ ಮತ್ತೊಮ್ಮೆ ನೋಡಿ ಬರೆದಿಟ್ಟು ಹೋಗಬೇಕು. ಬರೆದಳು. ಮೇಲ್ವಿಚಾರಕ ಒಂದೊಂದನ್ನೂ ಆರಿಸಿ ಹೊತ್ತಿಸಿ ನೋಡಿದ.

"ನೋಡಿ ಅಕ್ಕ, ಒಂದೂ ಮರೆತಿಲ್ಲ ಇದು!" ಎಂದವನು ನಾಲಿಗೆ ಕಚ್ಚಿಕೊಂಡ.

ಮನೆಯಲ್ಲಿ ವಿಷಯ ಗಂಡನಿಗೂ ತಿಳಿಯಿತು. ಮರುದಿನ ಇನ್ನೂರು ಪುಟದ ನೋಟುಬುಕ್ಕು ತಂದ. ಅವನೇ ಅಂದವಾಗಿ ತಲೆಬರಹ ಹಾಕಿದ್ದ: ಅಡಿಗೆಮನೆ. ಬಟ್ಟೆ. ಅಮ್ಮ.

"ನಿಂಗೆ ಪೂರ್ತಿ ಮರೆತುಹೋಗೋ ಮುಂಚೆ ಎಲ್ಲೆಲ್ಲಿ ಏನೇನಿದೆ ಬರೆದಿಟ್ಟುಬಿಡು. ಆಮೇಲೆ ನಾವು ಒದ್ದಾಡಬಾರದು ನೋಡು." ಮೃದುವಾಗಿಯೇ ಹೇಳಿದ.

"ಪೆನ್ನು ನೀನು ಹಿಡಿಯೋ!" ಮಂಚದಿಂದ ದನಿ ಬಂತು. "ಎದ್ದು ಹೋಗಿ ಒಂದೊಂದೇ ಡಬ್ಬಿ ಮುಚ್ಚಳ ತೆಗೆದು ನೋಡು. ಕೈ ಸವೆಯಲ್ಲ."

"ನೀನು ಸುಮ್ನಿರಮ್ಮ" ಎಂದು ಅವನು ಟಿವಿ ಹಾಕಿದ.

ಅವಳು ಅಡಿಗೆಮನೆಯ ನೆಲದ ಮೇಲೆ ಕುಳಿತು ಮೊದಲ ಪುಟ ತೆರೆದಳು. ಉಪ್ಪು, ಎಂದು ಬರೆದಳು. ಪೆನ್ನು ನಿಂತಿತು.

"ಎಡಗಡೆ ಎರಡನೇ ಡಬ್ಬಿ" ಎಂದಿತು ಮಂಚ. ಇವತ್ತು ಕೂಗಿನಲ್ಲಿ ಕಸುವಿರಲಿಲ್ಲ.

ಅದನ್ನು ಬರೆದಳು. ಕೆಳಗಿನ ಸಾಲಿನಲ್ಲಿ ಸಕ್ಕರೆ ಎಂದು ಬರೆದು ಕಾದಳು. ದನಿ ಬರಲಿಲ್ಲ. ಬಾಗಿಲಿಂದ ಇಣುಕಿದಳು. ಮುದುಕಿಗೆ ಬಾಯಿ ತೆರೆದಂತೆಯೇ ಜೋಂಪು ಹತ್ತಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ. ಹಿಂದಿರುಗಿ, ಡಬ್ಬಿಗಳ ಸಾಲಿಗೆ ಬೆನ್ನು ಕೊಟ್ಟು ಕುಳಿತು, ಆ ದನಿಗೆ ಕಾಯುತ್ತ ಪೆನ್ನು ಹಿಡಿದುಕೊಂಡೇ ಇದ್ದಳು.