ಗೋಂದು ಹಚ್ಚಿ ಕೂಡಿಸಿದ ವರದಿ

ಬೀಜದ ಕಂಪನಿಯೊಂದರ ಹಿರೇಕೆರೂರು ಕಚೇರಿಯಲ್ಲಿ ನಾನು ಕಾರಕೂನ. ಹಾನಗಲ್, ಶಿಗ್ಗಾಂವಿ, ಸವಣೂರಿನಲ್ಲೂ ನಮ್ಮ ಕಚೇರಿಗಳಿವೆ. ನಾಲ್ಕೂ ಊರಿನ ವಿವರವೆಲ್ಲ ಇರುವುದು ದೂರದ ಮುಖ್ಯ ಕಚೇರಿಯ ಒಂದು ಹಳೆಯ ಕಂಪ್ಯೂಟರಿನಲ್ಲಿ. ಕಪ್ಪು ಪರದೆ, ಹಸಿರು ಅಕ್ಷರ. ಅದರ ವರದಿಗಳು ಹಾಸಿಗೆಯಷ್ಟು ಅಗಲ. ಅಲ್ಲಿಂದ ಕಳಿಸಿದರೆ ಇಲ್ಲಿ ನಮ್ಮ ಮೇಜಿನ ಪಕ್ಕದ ಪ್ರಿಂಟರ್ ಕರಕರ ಸದ್ದು ಮಾಡುತ್ತ ಅಚ್ಚು ಹಾಕುತ್ತಿತ್ತು.

ಆ ಪ್ರಿಂಟರ್ ಕೆಟ್ಟಿತು, ಬಿಡಿಭಾಗ ಸಿಗಲಿಲ್ಲ. ಬದಲಿಗೆ ಬಂದದ್ದು ಸಣ್ಣ ಹಾಳೆಯದು. ಅಂದಿನಿಂದ ಒಂದು ವರದಿ ಎರಡು ಹಾಳೆಯಾಯಿತು: ಎಡಗಡೆಯದರಲ್ಲಿ ಬೆಳೆಗಾರರ ಹೆಸರು, ಊರು, ಬಲಗಡೆಯದರಲ್ಲಿ ಅವರ ಬೀಜದ ಪರೀಕ್ಷೆಯ ಫಲಿತಾಂಶ. ಎರಡನ್ನೂ ಗೋಂದು ಹಚ್ಚಿ ಕೂಡಿಸುವುದನ್ನು ಕಲಿಸಿದವರು ಹಾನಗಲ್ಲಿನಿಂದ ಬಂದಿದ್ದ ಹಿರಿಯ ಕಾರಕೂನರು.

“ಸೆರಗು ಕಟ್ಟಿದ್ರ ಲಗ್ನ ಆತು ಅನಬ್ಯಾಡೋ ತಮ್ಮಾ. ಬಾಳೇವು ಮುಂದೈತಿ. ಬರೇ ಮ್ಯಾಲಿನ ಗೆರಿ ಕೂಡಿಸಿ ಬಿಡಬ್ಯಾಡ, ಕೆಳಗೂ ನೋಡು.”

“ಹೂಂನ್ರೀ ಯಜಮಾನ್ರ,” ಎಂದು ನಕ್ಕಿದ್ದೆ.

ಆ ಹಂಗಾಮಿನ ಫಲಿತಾಂಶ ಬಂದಾಗ ಎಡ ಹಾಳೆಯಲ್ಲಿ ಒಬ್ಬರ ಹೆಸರು, ಅಡ್ಡಹೆಸರು, ತಂದೆಯ ಹೆಸರು ಎಲ್ಲ ಸೇರಿ ಉದ್ದವಾಗಿ ಎರಡನೆಯ ಸಾಲಿಗೆ ಇಳಿದಿತ್ತು. ಬಲ ಹಾಳೆಯಲ್ಲಿ ಅದಕ್ಕೆ ಸರಿಯಾಗಿ ಖಾಲಿ ಸಾಲು ಬಿಟ್ಟಿರಲಿಲ್ಲ. ನಾನು ಮೇಲಿನ ಗೆರೆ ನೋಡಿ ಅಂಟಿಸಿದೆ. ಆ ಉದ್ದ ಹೆಸರಿನವರ ಮುಂದೆ ಎರಡು ಫಲಿತಾಂಶ ಬಿದ್ದವು. ಎರಡು ಹೊಲ ಇರಬೇಕು ಅಂದುಕೊಂಡೆ. ಅವರಿಂದ ಕೆಳಗೆ ಪ್ರತಿಯೊಬ್ಬರಿಗೂ ತಮ್ಮ ಕೆಳಗಿನವರ ಫಲಿತಾಂಶ ಬಂತು; ನನಗದು ಆಗ ಹೊಳೆಯಲಿಲ್ಲ. ಕೊನೆಯ ಹೆಸರಿಗೆ ಏನೂ ಉಳಿಯಲಿಲ್ಲ. ಪರೀಕ್ಷೆ ಮುಗಿದಿಲ್ಲವೇನೋ ಎಂದು ಪೆನ್ಸಿಲ್ಲಿನಲ್ಲಿ ‘ಬಾಕಿ’ ಎಂದು ಬರೆದೆ.

ಉದ್ದ ಹೆಸರಿನ ಕೆಳಗಿದ್ದವರು ಚಿಕ್ಕೇರೂರಿನ ಒಬ್ಬ ಹೆಣ್ಣುಮಗಳು. ಗಂಡನ ತಮ್ಮನ ಹೆಂಡತಿಯಾದ ನೆಗೆಣ್ಣಿಯ ಜೊತೆಗೂಡಿ ಟೊಮೆಟೊ ಬೀಜ ಮಾಡುತ್ತಿದ್ದರು. ಒಂದೊಂದು ಮೊಗ್ಗನ್ನೂ ಬೆರಳಿನಿಂದ ಬಿಡಿಸಿ, ಗಂಡು ತಳಿಯ ಹೂವಿನ ಪುಡಿ ಮುಟ್ಟಿಸುವ ಕೆಲಸ. ನಾಲ್ಕು ಹೂವು ತಪ್ಪಿದರೂ ಬೀಜ ಬೆರಕೆ. ನನ್ನ ವರದಿಯಲ್ಲಿ ಅವರ ಮುಂದೆ ‘ನಪಾಸು’ ಎಂದಿತ್ತು. ನಪಾಸಾದ ಬೀಜವನ್ನು ಬೆಳೆದವರ ಎದುರೇ ಸುಡುವುದು ನಮ್ಮ ಪದ್ಧತಿ. ಮುಂದಿನ ಹಂಗಾಮಿಗೆ ಅವರಿಗೆ ಬೀಜ ಮಾಡುವ ಕೆಲಸವೂ ಇಲ್ಲ.

“ಒಂದು ಹೂವು ಬಿಟ್ಟಿಲ್ರೀ, ನಮ್ಮವ್ವನ ಆಣಿ,” ಎಂದರು, ಸುಡುವ ದಿನ ಕಚೇರಿಗೆ ಬಂದ ಅವರು.

“ಅಕ್ಕಾರ, ಕಾಗದ ಸುಳ್ಳು ಹೇಳತೈತೇನ್ರೀ?”

ನಾನು ಬೆರಳಿಟ್ಟು ತೋರಿಸಿದ ಸಾಲನ್ನು ಅವರು ಬಹಳ ಹೊತ್ತು ನೋಡಿದರು. “ಹಂಗಾರ ನಮ್ಮ ನೆಗೆಣ್ಣಿ ಕೈ ತಪ್ಪೇತಿ,” ಎಂದು ಮೆಲ್ಲಗೆ ಹೇಳಿ ಸಹಿ ಹಾಕಿದರು. ಬೀಜದ ಚೀಲ ಬೇಗ ಹೊತ್ತಿಕೊಂಡಿತು.

ಕೆಲ ದಿನದ ಮೇಲೆ ಪಟ್ಟಿಯ ಕೊನೆಯವರು ತಮ್ಮ ಫಲಿತಾಂಶ ಕೇಳಿಕೊಂಡು ಬಂದರು. ಮುಖ್ಯ ಕಚೇರಿಗೆ ಫೋನ್ ಹಚ್ಚಿದೆ. “ಯಾವಾಗೋ ಪಾಸಾಗೇತಲ್ರೀ, ನಿಮಗೂ ಕಳಿಸೇವಿ,” ಎಂದರು. ಹಾಳೆ ತೆಗೆದು ಒಂದೊಂದೇ ಸಾಲು ಓದಿಸಿಕೊಂಡೆ. ಚಿಕ್ಕೇರೂರಿನ ಹೆಸರಿಗೆ ಬಂದಾಗ ಆ ಕಡೆಯವರು ‘ಪಾಸು’ ಎಂದರು. ಇನ್ನೊಮ್ಮೆ ಓದಿ ಅಂದೆ. ಇನ್ನೊಮ್ಮೆಯೂ ಅದೇ. ಅಷ್ಟರಲ್ಲಿ ಮುಂದಿನ ಹಂಗಾಮಿನ ಕೆಲಸ ಬೇರೆಯವರಿಗೆ ಹಂಚಿ ಆಗಿತ್ತು.

ಮರುದಿನ ಚಿಕ್ಕೇರೂರಿಗೆ ಹೋಗಿ, ತಪ್ಪು ನನ್ನದೆಂದು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

“ಅವತ್ತಿನಿಂದ ಆಕಿ ಕೂಡ ಮಾತಿಲ್ರೀ. ಓಣ್ಯಾಗ ನಿಂತು ಮೈಗಳ್ಳಿ ಅಂದೇನಿ ಆಕಿಗೆ. ನನಗ್ಯಾಕ ಹೇಳ್ತೀರಿ? ಬರ್ರಿ, ಆಕಿಗೆ ಹೇಳ್ರಿ.”

ನೆಗೆಣ್ಣಿ ಪಕ್ಕದ ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿಸಿಕೊಂಡರು.

“ಇಷ್ಟು ವರ್ಸ ಇಬ್ರೂ ಒಂದ ಸಾಲಿನ್ಯಾಗ ಕುಂತು ಹೂವು ಮುಟ್ಟೇವ್ರೀ. ನನ್ನ ಕೈ ಬಿಟ್ಟು ಕಾಗದ ನಂಬಿದ್ಲು. ಇವತ್ತೂ ತಾನಾಗಿ ಬರಲಿಲ್ಲ, ಕಾಗದ ಬ್ಯಾರೆ ಹೇಳ್ತು ಅಂತ ಬಂದಾಳ.”

ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾವಿಬ್ಬರೂ ಹೊರಗೆ ನಿಂತೆವು. ಒಳಗಿನಿಂದ ಜೋಳ ಕೇರುವ ಸದ್ದು ಬರತೊಡಗಿತು.

“ನೀವು ಹೋಗ್ರಿ, ಬಸ್ ತಪ್ಪೀತು,” ಎಂದು ಹೇಳಿ ಅಕ್ಕಾರು ಆ ಕಟ್ಟೆಯ ತುದಿಗೆ ಕುಳಿತರು.