ಅವ್ವನ ಕಿವಿ ತುಟ್ಟಿ ಆಯ್ತಂತೆ!

"ಭಾಳ ತುಟ್ಟಿ ಆತಿದು."

ನಾಲ್ಕು ವರ್ಷದಿಂದ ಸರಿಯಾಗಿ ಕಿವಿ ಕೇಳದ ನಮ್ಮವ್ವನಿಗೆ ಮೊನ್ನೆ ಮೊಟ್ಟಮೊದಲು ಸ್ಪಷ್ಟವಾಗಿ ಕೇಳಿಸಿದ ಮಾತು ಇದು. ಹೇಳಿದವನು ಯಾರೋ ದಾರಿಹೋಕನಲ್ಲ. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗ. ಅಂದರೆ ನನ್ನ ತಮ್ಮ.

ಸಿಟ್ಟು ಇನ್ನೂ ಇಳಿದಿಲ್ಲ. ಈ ವಾರದ ಅಂಕಣಕ್ಕೆ ಬೇರೆ ವಿಷಯ ಬರೆಯೋಣ ಅಂತ ಎರಡು ಸಲ ಕೂತೆ. ಆಗಲಿಲ್ಲ.

ಅವ್ವ ಗೌರವ್ವ ತಿಕೋಟಾ ಹತ್ತಿರದ ತೋಟದ ಮನೆಯಲ್ಲಿ ನನ್ನ ತಮ್ಮ ಶಿವಪ್ಪನ ಜೊತೆ ಇರುತ್ತಾಳೆ. ಎಪ್ಪತ್ತು ದಾಟಿದೆ. ದ್ರಾಕ್ಷಿ ತೋಟ, ಟ್ರ್ಯಾಕ್ಟರು, ಹೊಸ ಗೇಟು ಎಲ್ಲ ಇರುವ ಮನೆ. (ಬಡತನದ ಕಥೆ ಅಂದುಕೊಳ್ಳಬೇಡಿ. ಬಡತನವಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.) ನಾನಿರುವುದು ವಿಜಯಪುರದಲ್ಲಿ, ಅಥಣಿ ರಸ್ತೆಯ ಲೇಔಟೊಂದರಲ್ಲಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಬಸ್ ಹತ್ತಿದರೆ ಅರ್ಧ ತಾಸಿಗೆ ಅವ್ವನ ಮನೆ. ಹೋಗುವುದು ಮಾತ್ರ ತಿಂಗಳಿಗೊಮ್ಮೆ.

ಅವ್ವನ ಕಿವಿ ಮಂದವಾದದ್ದು ಎಲ್ಲರಿಗೂ ಗೊತ್ತಿತ್ತು. ನಮಗದು ತಮಾಷೆ. "ಅವ್ವಾ, ಚಾ ಕುಡೀತೀಯೇನು?" ಅಂದರೆ "ಚಾವಿ ಗೂಟಕ್ಕ ಐತಿ ನೋಡು" ಅನ್ನುತ್ತಿದ್ದಳು. ಮಕ್ಕಳು, ಮರಿ, ದೊಡ್ಡವರು ಎಲ್ಲ ಗೊಳ್ಳೆಂದು ನಗುವುದು. ನಾನೂ ನಗುತ್ತಿದ್ದೆ. ಅವ್ವನೂ ನಗುತ್ತಿದ್ದಳು, ಯಾಕೆ ನಗುತ್ತಿದ್ದೇವೆ ಅಂತ ತಿಳಿಯದೆ.

ಬರಬರುತ್ತ ಅವ್ವ ಮಾತನ್ನೇ ಕಡಿಮೆ ಮಾಡಿದಳು. "ವಯಸ್ಸಾತಲ್ರಿ, ಶಾಂತ ಆಗ್ಯಾರ" ಅಂದಳು ತಮ್ಮನ ಹೆಂಡತಿ. ಹೌದೌದು ಅಂದೆವು. ಎಷ್ಟು ಅನುಕೂಲದ ಹೌದು ಅದು!

ಹೋದ ತಿಂಗಳು ತಿಕೋಟಾ ಸಂತೆಯಿಂದ ಬರುವಾಗ ಅವ್ವ ಬೈಕಿಗೆ ಸಿಕ್ಕು ಬಿದ್ದಳು. ಮುಂಗೈ ಮುರಿಯಿತು. ಬೈಕಿನವನೇ ಪಾಪ, ಎತ್ತಿ ಕೂರಿಸಿ, ನೀರು ಕುಡಿಸಿ, ದವಾಖಾನೆಗೆ ಕರೆದೊಯ್ದಿದ್ದ. "ಎಷ್ಟ ಹಾರ್ನ್ ಹೊಡದ್ರೂ ಆಯಿ ಸರೀಲಿಲ್ರಿ" ಅಂದ ನನ್ನ ಮುಂದೆ. ಆಮೇಲೆ ಕಿವಿ ಡಾಕ್ಟರಿಗೆ ತೋರಿಸಿದೆ. ಎರಡೂ ಕಿವಿಗೆ ಮಷಿನ್ ಬೇಕು, ಇದಕ್ಕೆ ಯಾವಾಗಲೋ ಬರಬೇಕಿತ್ತು ಅಂದರು.

ಮೊನ್ನೆ ಶನಿವಾರ ಮಧ್ಯಾಹ್ನ ಸ್ಟೇಷನ್ ರಸ್ತೆಯ ಅಂಗಡಿಗೆ ಹೋದೆವು. ಅವ್ವ, ನಾನು, ಶಿವಪ್ಪ. ಅಲ್ಲಿನ ಹುಡುಗಿ ಬಲು ಜಾಣೆ. ನಿಧಾನಕ್ಕೆ ಅವ್ವನ ಸೆರಗು ಸರಿಸಿ ಕಡಲೆಕಾಳಿನಷ್ಟು ಚಿಕ್ಕ ಮಷಿನ್ ಎರಡೂ ಕಿವಿಗೆ ಕೂರಿಸಿದಳು. "ಟ್ರಯಲ್ ನೋಡ್ರಿ ಮೊದಲ" ಅಂದು ಮಷಿನ್ ಆನ್ ಮಾಡಿದಳು. ಬೆಲೆಯ ಚೀಟಿಯನ್ನು ನಮ್ಮ ಕಡೆ ಸರಿಸಿದಳು.

ಅವ್ವ ತಲೆ ಎತ್ತಿ ಫ್ಯಾನ್ ನೋಡಿದಳು. ಅದರ ಕಿರಿಕಿರಿ ಕೇಳಿಸಿತ್ತೇನೋ. ಬೀದಿಯಲ್ಲಿ ಆಟೋ ಹೋಯಿತು, ಅತ್ತ ತಿರುಗಿದಳು.

ನಾನು ಅವ್ವನನ್ನು ನೋಡುತ್ತಿದ್ದೆ. ತಮ್ಮ ಚೀಟಿ ನೋಡುತ್ತಿದ್ದ.

"ಭಾಳ ತುಟ್ಟಿ ಆತಿದು. ಈ ವಯಸ್ಸಿನ್ಯಾಗ ಕೇಳಿ ಏನ ಮಾಡೂದೈತಿ ಆಕಿಗಿ? ಮನ್ಯಾಗ ಕುಂತಾಕಿ" ಅಂದ ನನಗೆ. ದನಿ ತಗ್ಗಿಸಲೂ ಇಲ್ಲ. ನಾಲ್ಕು ವರ್ಷದಿಂದ ಅವ್ವನ ಮುಂದೆಯೇ ಅವ್ವನ ಬಗ್ಗೆ ಮಾತಾಡಿ ರೂಢಿಯಾಗಿತ್ತಲ್ಲ! ಗೋಡೆಯ ಮುಂದೆ ಮಾತಾಡಿದ ಹಾಗೆ.

ಅವ್ವ ಅವನ ಕಡೆ ತಿರುಗಿದಳು.

"ಕುಂತಾಕಿ ಅಲ್ಲಪಾ. ನೀವ ಕುಂದ್ರಿಸಿದಾಕಿ."

ಶಿವಪ್ಪ ಚೀಟಿಯನ್ನು ದೂರ ಸರಿಸಿದ.

"ಹಂಗಲ್ಲ ಬೇ ಯವ್ವಾ, ನಾ ಅಂದಿದ್ದು..."

"ಹೋದ ವರ್ಷ ಟ್ರ್ಯಾಕ್ಟರಿಗಿ ಸ್ಪೀಕರ್ ಹಾಕಿಸಿದೆಲ್ಲ, ಅದು ಸೋವಿ ಇತ್ತೇನು? ನಾ ಕಿವುಡಿ ಆಗಿದ್ನಿ ಶಿವ್ಯಾ. ಕುರುಡಿ ಆಗಿದ್ದಿಲ್ಲ."

ನಿಜ. ಆಳೆತ್ತರದ ಸ್ಪೀಕರುಗಳು. ಅದರ ಹಾಡಿಗೆ ಪಕ್ಕದ ತೋಟದ ಎಮ್ಮೆಗಳು ಬೆದರಿ ಹಗ್ಗ ಹರಿಯುತ್ತವೆ. ಈ ಎರಡು ಮಷಿನ್ನಿಗಿಂತ ಅದಕ್ಕೇ ಹೆಚ್ಚು ಬಿದ್ದಿತ್ತು. ಅವತ್ತು ಮನೆಯಲ್ಲಿ ಯಾರ ಬಾಯಿಂದಲೂ 'ತುಟ್ಟಿ' ಎಂಬ ಮಾತು ಹೊರಡಲಿಲ್ಲ. "ಆಗಲಿ ಬಿಡು, ಹೌಸಿ ಅಲಾ" ಅಂದೆವು. (ಹೌಸಿ ಅಂದರೆ ಆಸೆ, ಷೋಕಿ. ನಮ್ಮ ಕಡೆ ಗಂಡುಮಕ್ಕಳಿಗೆ ಧಾರಾಳವಾಗಿ ಸಿಗುತ್ತದೆ.)

ಶಿವಪ್ಪ ಎದ್ದು ಹೊರಗೆ ಹೋದ. ಹತ್ತು ನಿಮಿಷ ಬಿಟ್ಟು ಬಂದಾಗ ಕಣ್ಣು ಕೆಂಪಗಿದ್ದವು. ಫೋನ್ ತೆಗೆದು ಹಣ ಕಳಿಸಲು ಹೋದ. ಅವ್ವ ತಡೆದಳು.

"ನೀ ಏನ್ ದಾನಾ ಮಾಡಬ್ಯಾಡ. ನನ್ನ ಹೆಸರಲೆ ಎರಡ ಎಕರೆ ಐತಿ. ಅದರ ಪೀಕಿನ ರೊಕ್ಕದ ಪಾಸ್‌ಬುಕ್ ನಿನ್ನ ಕಡೇನ ಐತಿ. ಅದರಾಗಿಂದ ಕೊಡು."

ಅವ್ವನ ಖಾತೆಯೂ ಅವನ ಫೋನಿನಲ್ಲೇ ಇತ್ತು, ಅದರಿಂದಲೇ ಕೊಟ್ಟ.

ಇಷ್ಟು ವರ್ಷ ನಾನು ಮಕ್ಕಳಿಗೆ ಕಲಿಸಿದ್ದೇನು? ತುಟ್ಟಿ ಅಂದರೆ ದುಬಾರಿ. ವಿರುದ್ಧ ಪದ ಸೋವಿ. ಸರ್ಕಾರವೂ ಈ ಪದವನ್ನು ಬಿಟ್ಟಿಲ್ಲ, ತುಟ್ಟಿಭತ್ಯೆ ಅಂತ ಇಟ್ಟುಕೊಂಡಿದೆ. ಅದು ಯಾವಾಗ ಏರುತ್ತದೆ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ದಿನಾ ಚರ್ಚೆ. ಆದರೆ ಸಂಸಾರದಲ್ಲಿ ಈ ಪದ ಬೆಲೆಗೆ ಅಂಟಿಕೊಂಡಿಲ್ಲ ಮಾರಾಯ್ರೆ! ಮನುಷ್ಯರಿಗೆ ಅಂಟಿಕೊಂಡಿದೆ. ಅದೇ ದುಡ್ಡು ಗೇಟಿಗಾದರೆ ಲಕ್ಷಣ, ಮೊಮ್ಮಗನ ಬರ್ತ್‌ಡೇಗಾದರೆ ಪ್ರೀತಿ, ಮುದುಕಿಯ ಕಿವಿಗಾದರೆ ತುಟ್ಟಿ.

ತಮ್ಮನನ್ನಷ್ಟೇ ಬೈದರೆ ಸುಳ್ಳಾದೀತು. ಆ ಚೀಟಿ ನೋಡಿ ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ನಾಲ್ಕು ವರ್ಷದಲ್ಲಿ ನಾನು ಎರಡು ಫೋನು, ಒಂದು ಸೋಫಾ ಬದಲಿಸಿದೆ. ಅವ್ವನನ್ನು ಒಂದು ಸಲ ಡಾಕ್ಟರ ಹತ್ತಿರ ಕರೆದೊಯ್ಯಲು ಅವಳ ಕೈ ಮುರಿಯಬೇಕಾಯಿತು. ಶಿವಪ್ಪ ಬಾಯಿಬಿಟ್ಟು ಅಂದ. ನಾನು ಸುಮ್ಮನಿದ್ದೇ ಅಂದೆ.

ಅವತ್ತು ಅವ್ವನನ್ನು ನನ್ನ ಮನೆಗೆ ಕರೆತಂದೆ. ಚಹಾ ಕುಡಿದವಳೇ "ನೀಲಿಗಿ ಫೋನ್ ಹಚ್ಚಿ ಕೊಡು" ಅಂದಳು. ನೀಲವ್ವ ಅವ್ವನ ತಂಗಿ. ಬಬಲೇಶ್ವರದಲ್ಲಿದ್ದಾಳೆ. ಸ್ಪೀಕರ್ ಆನ್ ಮಾಡಿ ಕೊಟ್ಟೆ.

"ಎರಡ ವರ್ಷಾತು, ಎಷ್ಟ ಸಲ ಹಚ್ಚೀನಿ, ಒಮ್ಮೆರ ಎತ್ತೀಯೇನ ಯಕ್ಕಾ? ಭಾಳ ತುಟ್ಟಿ ಆಗೀಯಲ್ಲ!" ಆ ಕಡೆಯಿಂದ ಚಿಗವ್ವ ಸಿಡಿದಳು.

ನಮ್ಮ ಕಡೆ ಅಪರೂಪವಾದವರಿಗೆ ಹೀಗೆ ಅನ್ನುವುದುಂಟು. ಸಿಗಲಾರದಷ್ಟು ಬೆಲೆ ಬಂತಲ್ಲ ನಿನಗೆ ಅಂತ, ಪ್ರೀತಿಯ ಬೈಗುಳ. ಅವ್ವ ನಕ್ಕಳು.

"ಫೋನಿನ್ಯಾಗ ಏನೂ ಕೇಳಸ್ತಿದ್ದಿಲ್ಲವಾ. ಹೇಳಾಕ ನಾಚಿಕಿ ಬರ್ತಿತ್ತು."

ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು. ಮುಗಿದಾಗ ನನ್ನ ಅಡುಗೆ ಆಗಿತ್ತು.

ಎರಡು ವರ್ಷ ಅಕ್ಕ ತಂಗಿ ಮಾತಾಡಿಲ್ಲ. ನಮ್ಮಲ್ಲಿ ಒಬ್ಬರೂ ಯಾಕೆ ಅಂತ ಕೇಳಲಿಲ್ಲ. ಅದಕ್ಕೇನು ಖರ್ಚಾಗುತ್ತಿತ್ತು?

ನನ್ನದು ಹೇಳಿ ಆಯಿತು. ಈಗ ನೀವು ಹೇಳಿ: ನಿಮ್ಮ ಮನೆಯಲ್ಲಿ ಯಾರ ಹಲ್ಲು, ಯಾರ ಮೊಣಕಾಲು, ಯಾರ ಕನ್ನಡಕ 'ತುಟ್ಟಿ' ಅಂತ ಮುಂದಕ್ಕೆ ಹೋಗಿದೆ?