ಇನ್ನೂರ ಹನ್ನೆರಡನೆಯ ಪರೀಕ್ಷೆ

ಬೆಳಗಿನ ಐದು ಗಂಟೆ. ದಂಡಿನಶಿವರದ ಈ ಮನೆಯ ಅಟ್ಟದ ತುಂಬ ತೆಂಗಿನಕಾಯಿ. ಅದರ ಕೆಳಗೆ ಶಾಲು ಹೊದ್ದ ದಾನೇಶ್ವರಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಪರದೆಯಲ್ಲಿ ಸಾಲುಗಳು ಸರಸರನೆ ಏರುತ್ತವೆ, ಕೊನೆಯದು ಕೆಂಪಾಗಿ ನಿಲ್ಲುತ್ತದೆ. "ಇವತ್ತೂ ಬಿತ್ತು ಕಣ್ರೀ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲೆಂದು ಬಂದ ನನ್ನತ್ತ ತಿರುಗದೆ. ಆರು ದಿನದಿಂದ ಇದೇ ಕತೆಯಂತೆ.

ನಲವತ್ತಾರರ ದಾನೇಶ್ವರಿಗೆ ಹಗಲು ತುರುವೇಕೆರೆಯ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸ. ಮುಂಚೆ ತಿಪಟೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು, ಆ ಕೇಂದ್ರ ಮುಚ್ಚಿತು. ಬೆಳಗಿನ ಈ ಕೆಲಸಕ್ಕೆ ಸಂಬಳವಿಲ್ಲ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಸಾಫ್ಟ್‌ವೇರ್‌ಗಳ ದೊಡ್ಡ ಸಂಗ್ರಹವೊಂದರಲ್ಲಿ ಮೂವತ್ತೊಂದು ಪ್ಯಾಕೇಜುಗಳ ಯೋಗಕ್ಷೇಮ ಇವರದು. ಅವು ಬರೆದಿರುವುದು ಪೈಥಾನ್ ಭಾಷೆಯಲ್ಲಿ. ಭಾಷೆಗೆ ಹೊಸ ಆವೃತ್ತಿ ಬಂತೆಂದರೆ, ನಿನ್ನೆಯವರೆಗೆ ನೆಟ್ಟಗಿದ್ದ ಪ್ಯಾಕೇಜ್ ಇವತ್ತು ಬಿಲ್ಡ್ ಆಗುವುದಿಲ್ಲ, ಎಂದರೆ ಬಳಸಲು ಸಿದ್ಧವಾದ ರೂಪಕ್ಕೆ ಬರುವುದಿಲ್ಲ.

"ಅಟ್ಟದ ಮೇಲಿನ ಕಾಯಿ ಥರ. ಹೊರಗಿಂದ ಎಲ್ಲಾ ಒಂದೇ. ಸುಲಿದಾಗ್ಲೇ ಯಾವ್ದು ಕೆಟ್ಟದೆ ಅಂತ ಗೊತ್ತಾಗೋದು."

ಮೂವತ್ತು ಸರಿಹೋಗಿವೆ. ಉಳಿದದ್ದು 'ಚುಕ್ಕಿ': ಕನ್ನಡ ಬರಹವನ್ನು ಬ್ರೈಲ್‌ಗೆ ತಿರುಗಿಸುವ ಪುಟ್ಟ ತಂತ್ರಾಂಶ. ಬರೆದವರು ಕೈಬಿಟ್ಟು ವರ್ಷಗಳಾಗಿವೆ. ಶನಿವಾರದೊಳಗೆ ಬಿಲ್ಡ್ ಆಗದಿದ್ದರೆ ಸಂಗ್ರಹದಿಂದಲೇ ತೆಗೆಯುತ್ತಾರೆ. ಇವತ್ತು ಗುರುವಾರ.

ಅವರ ಅತ್ತಿಗೆ ದ್ರಾಕ್ಷಾಯಣಮ್ಮ ಕಾಫಿ ತಂದಿಡುತ್ತಾರೆ. "ಏನೋ ಕೆಟ್ಟಿದ್ದನ್ನ ಸರಿ ಮಾಡ್ತಾಳಂತೆ ಕಣಪ್ಪ. ನೋಡಾಕೆ ಹೋದ್ರೆ ಅಲ್ಲಿ ಏನೂ ಕಾಣಕ್ಕಿಲ್ಲ." ಅವರನ್ನು ದೂರುವಂತಿಲ್ಲ, ನನಗೂ ಕಾಣುತ್ತಿಲ್ಲ.

ಬಿಲ್ಡ್ ಆಗುವಾಗ ತಂತ್ರಾಂಶ ಸರಿಯಿದೆಯೇ ಎಂದು ನೋಡುವ ಇನ್ನೂರ ಹನ್ನೆರಡು ಪರೀಕ್ಷೆಗಳು ನಡೆಯುತ್ತವೆ. ಬಿದ್ದಿರುವುದು ಒಂದೇ. ಅದೊಂದನ್ನು ಬಿಟ್ಟುಬಿಡಿ ಎಂದು ಒಂದು ಸಾಲು ಬರೆದರೆ ಎಲ್ಲವೂ ಹಸಿರು. ಬುದ್ಧಿವಂತನಂತೆ ಅದನ್ನೇ ಹೇಳುತ್ತೇನೆ. ಅವರು ನಗುವುದಿಲ್ಲ.

"ಮೂರು ವರ್ಷದ ಹಿಂದೆ ಹಂಗೇ ಮಾಡಿದ್ದೆ," ಎನ್ನುತ್ತಾರೆ.

ಬ್ರೈಲ್‌ನಲ್ಲಿ ಅಂಕಿಯ ಮುಂದೆ ಒಂದು ಗುರುತು ಇರಬೇಕು, ಇಲ್ಲದಿದ್ದರೆ ಅಂಕಿ ಅಕ್ಷರವಾಗಿಬಿಡುತ್ತದೆ. ಅಂದು ಅವರು ಬಿಟ್ಟದ್ದು ಅದರ ಪರೀಕ್ಷೆಯನ್ನೇ. ಹುಳಿಯಾರಿನ ಗಂಗಾಧರಯ್ಯ ಎಂಬ ಕಣ್ಣಿಲ್ಲದ ನಿವೃತ್ತ ಮೇಷ್ಟ್ರು ತಮ್ಮ ಮಾತ್ರೆಗಳ ಪಟ್ಟಿಯನ್ನು 'ಚುಕ್ಕಿ'ಯಲ್ಲೇ ತೆಗೆಸಿಕೊಂಡಿದ್ದರು. ಎಷ್ಟು ಮಾತ್ರೆ, ಎಷ್ಟು ಗಂಟೆಗೆ, ಒಂದೂ ತಿಳಿಯಲಿಲ್ಲ.

"ಒಂದು ತಿಂಗ್ಳು ಪಕ್ಕದ ಮನೆಯೋರ್ನ ಕೇಳ್ಕೊಂಡು ಮಾತ್ರೆ ನುಂಗಿದ್ರಂತೆ. ತಪ್ಪು ತಮ್ಮದೇ, ಬೆರಳು ಮರಗಟ್ಟಿದೆ ಅಂದ್ಕೊಂಡಿದ್ರಂತೆ. ಆಮೇಲೆ ಯಾರ ಕೈಲೋ ಕಾಗದ ಬರೆಸಿದ್ರು." ದಾನೇಶ್ವರಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. "ಹನ್ನೊಂದು ವರ್ಷದಲ್ಲಿ ನಂಗೆ ಬಂದಿದ್ದು ಅದೊಂದೇ ಕಾಗದ. ಸರಿಯಾಗಿದ್ರೆ ಯಾರು ಬರೀತಾರೆ, ಬುಡಿ."

ಅವರು ಆಗಲೇ ಮತ್ತೆ ಪರದೆಗೆ ಬಾಗಿದ್ದಾರೆ. ಈಗ ಬಿದ್ದಿರುವ ಪರೀಕ್ಷೆಯೂ ಆ ಗುರುತಿನದೇ. ಅಂಕಿ ಸಾಲಿನ ಕೊನೆಗೆ ಬಿದ್ದಾಗ ಮಾತ್ರ ಗುರುತು ತಪ್ಪಿಹೋಗುತ್ತಿದೆ ಎಂಬುದು ಇವತ್ತು ಅವರಿಗೆ ಹೊಳೆಯುತ್ತದೆ. ನಾಲ್ಕು ಸಾಲು ತಿದ್ದಿ ಕಳಿಸುತ್ತಾರೆ. ದೂರದ ಯಾವುದೋ ಯಂತ್ರದಲ್ಲಿ ನಲವತ್ತು ನಿಮಿಷದ ಬಿಲ್ಡ್. ದಿನವೂ ಹೀಗೆ ಒಬ್ಬರೇ ಕಾಯುತ್ತಾರೆ.

ಏಳಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಹಸಿರು. ಇನ್ನೂರ ಹನ್ನೆರಡೂ ಪಾಸು. ದಾನೇಶ್ವರಿ ಲ್ಯಾಪ್‌ಟಾಪ್ ಮುಚ್ಚಿ, ಬಸ್ಸಿಗೆ ಹೊತ್ತಾಯಿತೆಂದು ತಲೆ ಬಾಚತೊಡಗುತ್ತಾರೆ. ಫೋಟೋ ತೆಗೆಯಲೇ ಎಂದರೆ ಬೇಡವೆನ್ನುತ್ತಾರೆ.

"ಪೇಪರ್‌ನಾಗೆ ಜಾಗ ಇದ್ರೆ ಬೇರೆ ಒಂದು ಹಾಕ್ರೀ. 'ಚುಕ್ಕಿ' ನೋಡ್ಕಳಾಕೆ ನನ್ನ ಜೊತೆ ಇನ್ನೊಬ್ರು ಬೇಕು ಅಂತ. ಜಾಸ್ತಿ ಗೊತ್ತಿರ್ಬೇಕಂತಿಲ್ಲ, ನಾನ್ ಕಲಿಸ್ತೀನಿ. ಬೆಳಗ್ಗೆ ಐದಕ್ಕೆ ಏಳೋರಾದ್ರೆ ಸಾಕು."